ಹೊಲ ನಿಮ್ಮದು, ಹಂದಿ ನಿಮ್ಮದಲ್ಲ

ಗುಂಡ್ಲುಪೇಟೆ ಸೀಮೆಯಲ್ಲಿ ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಕಾಟ ಶುರು. ಬೆಳಗಾಗುವುದರೊಳಗೆ ಅರ್ಧ ಎಕರೆ ನೆಲಸಮ. ಸಿಟ್ಟು ಬರದೆ ಇರುತ್ತದೆಯೇ? ಆದರೂ ಬೈಕಿನ ಬ್ರೇಕ್ ವೈರಿನ ಉರುಳನ್ನು ಬೇಲಿಗೆ ಕಟ್ಟುವ ಮುಂಚೆ ಒಂದು ನಿಮಿಷ ತಾಳಿ. ‘ನನ್ನ ಪಹಣಿ, ನನ್ನ ಹೊಲ’ ಅನ್ನುವ ಮಾತು ಇಲ್ಲಿ ನಡೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಕಾಡೂ ಒಂದೇ, ಪಟ್ಟಾ ಜಮೀನೂ ಒಂದೇ. ಉರುಳು ಹಾಕುವುದೂ ಬೇಟೆಯೇ. ಮೈಸೂರು ಅರಸರು ಬೇಟೆಯಾಡುತ್ತಿದ್ದ ಬಂಡೀಪುರವೇ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅರಸರ ಕೋವಿಯೇ ಮೂಲೆ ಸೇರಿದ ಮೇಲೆ ನಮ್ಮ ಉರುಳಿನ ಮಾತೇನು!

ಉರುಳಿಗೆ ಹಂದಿಯೇ ಬೀಳಬೇಕೆಂದೂ ಇಲ್ಲ. ಚಿರತೆಯೋ ಹುಲಿಯೋ ಸಿಕ್ಕಿ ಸತ್ತು ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಬೇಲಿಗೆ ನೇರ ಕರೆಂಟು ಕೊಡುವುದಂತೂ ಬೇಡವೇ ಬೇಡ. ನೀರು ಹಾಯಿಸಲು ಬಂದ ಮನೆಯವರೇ ಮುಟ್ಟಿಯಾರು.

ಉರುಳಿನ ಬದಲು ಬೆಳೆ ಪರಿಹಾರ ಕೇಳಿ. ಹಂದಿ ನುಗ್ಗಿದ ಬೆಳಿಗ್ಗೆಯೇ, ಹೆಜ್ಜೆ ಗುರುತು ಅಳಿಯುವ ಮುಂಚೆ, ಮುರಿದ ದಂಟು ಕಾಣುವಂತೆ ಫೋಟೊ ತೆಗೆಯಿರಿ. ಪಹಣಿ, ಪಾಸ್‌ಬುಕ್ ನಕಲಿನ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಪರಿಹಾರ ಕಮ್ಮಿ, ಅಲೆದಾಟ ಜಾಸ್ತಿ, ಒಪ್ಪಿದೆ. ಸ್ವೀಕೃತಿ ಚೀಟಿಯನ್ನು ಮಾತ್ರ ಬಿಡದೆ ಇಸಿದುಕೊಳ್ಳಿ.