ಹಂಚಿನ ಅಂಗಡಿಯ ನಲವತ್ತು ಪುಟ

ಪ್ರೀತಿಯ ತಮ್ಮಾ,

ಖಾನಾಪುರದ ಹಂಚಿನ ವ್ಯಾಪಾರಿಗೆ ನೀನು ಮಾಡಿಕೊಟ್ಟ ವೆಬ್‌ಸೈಟ್ ನೋಡಿದೆ. ದೇಸೂರ, ನಂದಗಡ, ಜಾಂಬೋಟಿ, ಕಣಕುಂಬಿ ಎಂದು ಊರಿಗೊಂದು ಪುಟ, ಒಟ್ಟು ನಲವತ್ತು. ಎಲ್ಲದರಲ್ಲೂ ‘ಅತ್ಯುತ್ತಮ ಗುಣಮಟ್ಟ, ಕೈಗೆಟುಕುವ ದರ’ ಎಂಬ ಅವೇ ನಾಲ್ಕು ಸಾಲು. ಜಾಂಬೋಟಿ ಪುಟದಲ್ಲಿ ‘ನಂದಗಡದ ಗ್ರಾಹಕರೇ’ ಅಂತ ಹಾಗೇ ಉಳಿದುಬಿಟ್ಟಿದೆ, ಮೊದಲು ಅದನ್ನು ತೆಗಿ. ಇಷ್ಟು ಹಾಕಿದರೂ ಗೂಗಲ್‌ನಲ್ಲಿ ಅಂಗಡಿ ಮೇಲೆ ಬರುತ್ತಿಲ್ಲ, ನಕಲಿಗೆ ದಂಡ ಬಿತ್ತೇನೋ ಎಂದು ಕೇಳಿದ್ದೀ.

ದಂಡವಲ್ಲ. ಒಂದೇ ಮಾತು ಎರಡು ಕಡೆ ಇದ್ದ ಮಾತ್ರಕ್ಕೆ ಶಿಕ್ಷೆಯಿಲ್ಲ ಎಂದು ಗೂಗಲ್ 2008ರಲ್ಲೇ ಹೇಳಿದೆ. ಒಂದೇ ತೆರನಾದ ಪುಟಗಳನ್ನು ಅದು ಗುಂಪು ಮಾಡಿ, ಒಂದನ್ನು ಆರಿಸಿ ತೋರಿಸುತ್ತದೆ. ಉಳಿದವು ಇದ್ದೂ ಇಲ್ಲದ ಹಾಗೆ. ಯಾವುದು ಮುಖ್ಯ ಎಂದು ನಾವೇ ತಿಳಿಸಲು ಕೆನಾನಿಕಲ್ ಟ್ಯಾಗ್ ಇದೆ. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಕೂಡಿ ಒಪ್ಪಿಕೊಂಡದ್ದು ಅದು. ಒಂದೇ ಪುಟ ಎರಡು ವಿಳಾಸಗಳಲ್ಲಿ ತೆರೆದುಕೊಳ್ಳುವಂಥ ತೊಡಕಿಗೆ ಅಷ್ಟು ಸಾಕು.

ನಿನ್ನ ತೊಡಕು ಬೇರೆ. ಹುಡುಕುವವರನ್ನು ಸೆಳೆಯಲೆಂದೇ ಊರ ಹೆಸರು ಬದಲಿಸಿ ಸಾಲಾಗಿ ನಿಲ್ಲಿಸಿದ ಪುಟಗಳಿಗೆ ಡೋರ್‌ವೇ ಎನ್ನುತ್ತಾರೆ. ಗೂಗಲ್ ನಿಯಮದ ಪ್ರಕಾರ ಅದು ಸ್ಪ್ಯಾಮ್. 2011ರ ಫೆಬ್ರವರಿಯಲ್ಲಿ, ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಲು ಗೂಗಲ್ ತಂದ ಪಾಂಡಾ ಎಂಬ ಬದಲಾವಣೆ ಬಂದಾಗ ಅಮೆರಿಕದಲ್ಲಿ ಸುಮಾರು ಶೇ 12ರಷ್ಟು ಹುಡುಕಾಟಗಳ ಫಲಿತಾಂಶ ಮೇಲೆ ಕೆಳಗಾಯಿತು. ಸತ್ವವಿಲ್ಲದ ಪುಟಗಳು ಹೆಚ್ಚಾದರೆ ಅದೇ ತಾಣದ ಒಳ್ಳೆಯ ಪುಟವೂ ಅವುಗಳ ಜತೆ ಕೆಳಗಿಳಿಯಬಹುದು. 2024ರ ಮಾರ್ಚ್‌ನಲ್ಲಿ ರಾಶಿಗಟ್ಟಲೆ ತಯಾರಾಗುವ ಪುಟಗಳ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ. ಬರೆದದ್ದು ಯಂತ್ರವೋ ಮನುಷ್ಯನೋ ಎಂದು ಅಲ್ಲಿ ಕೇಳುವುದಿಲ್ಲ.

‘ಪಕ್ಕದ ಅಂಗಡಿಯವನ ಪೊಳ್ಳು ಪುಟ ಮೇಲೇ ಇದೆಯಲ್ಲ ಕಾಕಾ’ ಎನ್ನುತ್ತೀ. ಇರುತ್ತದೆ. 2021ರ ಜೂನ್‌ನಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದರೆ, ಯಾವುದೋ ಬುಡವಿಲ್ಲದ ಪುಟದಿಂದ ಎತ್ತಿ ಕನ್ನಡದ ಹೆಸರು ತೋರಿಸಿತ್ತು ಗೂಗಲ್. ನಾಡೆಲ್ಲ ಸಿಟ್ಟಿಗೆದ್ದಿತು, ಕಾನೂನು ಕ್ರಮ ಕೈಗೊಳ್ಳುತ್ತೇವೆಂದರು ಆಗಿನ ಸಚಿವ ಅರವಿಂದ ಲಿಂಬಾವಳಿ, ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಯಂತ್ರ ಮೋಸ ಹೋಗುತ್ತದೆ, ನಿಜ. ಇನ್ನೆಷ್ಟು ದಿನ ಮೋಸ ಹೋದೀತು ಎಂಬ ಲೆಕ್ಕದ ಮೇಲೆ ಹಂಚಿನ ವ್ಯಾಪಾರ ನಡೆಸಲಾದೀತೇ?

ನಿನ್ನ ಬೆಲ್ಗಾಂ ಪುಟದ ಮಾತೂ ಇದೆ. ಆ ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿ ಆಯಿತು; ಬೆಲ್ಗಾಂ ಎಂದು ಹುಡುಕುವವರಿಗೂ ಇರಲಿ ಅಂತ ಅದೇ ಪುಟ ಇನ್ನೊಮ್ಮೆ ಹಾಕಿದ್ದೀ. ಬೇಡ, ಒಂದೇ ಪುಟದಲ್ಲಿ ಎರಡೂ ಹೆಸರು ಬರಲಿ. ಮರಾಠಿ ಪುಟ ಮಾತ್ರ ಖಂಡಿತ ಮಾಡು. ಅನುವಾದವನ್ನು ಯಾರೂ ನಕಲೆಂದು ಎಣಿಸುವುದಿಲ್ಲ, ಖಾನಾಪುರದ ಗಿರಾಕಿಗೆ ಅದು ಬೇಕೇ ಬೇಕು. ಯಂತ್ರ ಕೊಟ್ಟ ಮರಾಠಿಯನ್ನು ಓದದೆ ಅಂಟಿಸಬೇಡ ಅಷ್ಟೆ, ಬಲ್ಲವರು ತಿದ್ದಲಿ.

ಇನ್ನು ಏನು ಬರೆಯಲಿ ಅಂತೀಯಾ? ಮಾಲಕರ ವಾಟ್ಸ್‌ಆ್ಯಪ್ ತೆರೆಸಿ ನೋಡು. ನೂರು ಚದರಡಿ ಛಾವಣಿಗೆ ಎಷ್ಟು ಹಂಚು, ಕಣಕುಂಬಿಯ ಮಳೆಗೆ ಇಳಿಜಾರು ಎಷ್ಟು ಬೇಕು, ಹಳೇ ಹಂಚಿನ ಮನೆಯಲ್ಲಿ ಒಡೆದವನ್ನಷ್ಟೇ ಬದಲಿಸಿದರೆ ಹೊಸ ಅಳತೆ ಕೂಡುತ್ತದೋ, ಗಾಡಿ ಜಾಂಬೋಟಿ ದಾಟಿ ಬರುತ್ತದೋ: ಇದನ್ನೇ ಜನ ಅವರಿಗೆ ದಿನಾ ಕೇಳುವುದು. ಉತ್ತರ ಅವರ ಬಾಯಲ್ಲಿದೆ. ಪಕ್ಕದಲ್ಲಿ ಕೂತು ಬರೆದುಕೋ, ಲೋಡಾಗುತ್ತಿರುವ ಗಾಡಿಯ ಫೋಟೊ ನೀನೇ ತೆಗಿ. ಮೂರು ಪುಟ ಗಟ್ಟಿಯಾಗಿ ಬಂದರೆ ಸಾಕು. ಆಮೇಲೆ ಹಳೆಯ ಪುಟಗಳ ವಿಳಾಸಗಳನ್ನು ಈ ಮೂರರಲ್ಲಿ ಹೊಂದುವುದಕ್ಕೆ ಶಾಶ್ವತವಾಗಿ ತಿರುಗಿಸು (301 ರೀಡೈರೆಕ್ಟ್). ಯಾವುದಕ್ಕೂ ಹೊಂದದ್ದನ್ನು ಅಳಿಸು. ಫಲ ಕಾಣಲು ತಿಂಗಳುಗಳೇ ಬೇಕಾಗಬಹುದು, ಅಷ್ಟರಲ್ಲಿ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಯಾವ ಪುಟ ಪಟ್ಟಿಗೆ ಸೇರಿತು, ಯಾವುದು ಸೇರಲಿಲ್ಲ ಎಂದು ನೋಡುತ್ತಿರು.

ನೀನು ಪುಟಕ್ಕಿಷ್ಟು ಎಂದು ದುಡ್ಡು ಮಾತಾಡಿದ್ದೇ ಈ ನಲವತ್ತಕ್ಕೆ ಮೂಲ ಎಂದು ನನ್ನ ಗುಮಾನಿ. ಮುಂದಿನ ಗಿರಾಕಿಯ ಹತ್ತಿರ ತಿಂಗಳ ಲೆಕ್ಕದಲ್ಲಿ ಮಾತಾಡು. ಈ ಮಾಲಕರಿಗೆ ಮಾತ್ರ ಪುಟಗಳು ಯಾಕೆ ಕಡಿಮೆಯಾಗುತ್ತವೆಂದು ಅಳಿಸುವ ಮುಂಚೆಯೇ ತಿಳಿಸಿಬಿಡು. ಬೆಳಗಾವಿಯಿಂದ ಫೋನಿನಲ್ಲಿ ಬೇಡ, ಖಾನಾಪುರಕ್ಕೆ ಹೋಗಿ ಎದುರಿಗೆ ಕೂತು ಹೇಳು.

ಇಂತಿ ಆಶೀರ್ವಾದಗಳೊಂದಿಗೆ,
ದೇಸೂರಿನ ನಿನ್ನ ಕಾಕಾ