ಇಂದಿನ ಧಮ್ಮ ಚಿಂತನೆ: ಕಸದ ಬುಟ್ಟಿ ಕಾಣದ ಊರು

 

ಜಪಾನಿನ ನಾರಾ ನಗರಕ್ಕೆ ಹೋಗಿದ್ದಾಗ ತೋದಾಯಿಜಿ ವಿಹಾರದಲ್ಲಿ ಮಹಾಬುದ್ಧನ ಮೂರ್ತಿಗೆ ವಂದಿಸಿ ಹೊರಬಂದೆ. ಸುತ್ತಲ ಉದ್ಯಾನದಲ್ಲಿ ನೂರಾರು ಜಿಂಕೆಗಳು. ಭಗವಾನರು ಮೊದಲ ಧಮ್ಮೋಪದೇಶ ಮಾಡಿದ ಸಾರನಾಥದ ಜಿಂಕೆವನ ನೆನಪಾಯಿತು. ಕೊಂಡಿದ್ದ ಅನ್ನದ ಉಂಡೆ ತಿಂದು, ಅದನ್ನು ಸುತ್ತಿದ್ದ ಪ್ಲಾಸ್ಟಿಕ್ ಹಾಕಲು ಬುಟ್ಟಿ ಹುಡುಕಿದೆ. ಎಲ್ಲೂ ಇಲ್ಲ! ಪಾನೀಯ ಮಾರುವ ಯಂತ್ರದ ಪಕ್ಕ ಒಂದು ಡಬ್ಬವಿತ್ತು. ಅದರ ದುಂಡು ಬಾಯಿ ಖಾಲಿ ಬಾಟಲಿಗಳಿಗೆ ಮಾತ್ರ. ಕೊನೆಗೆ ಪ್ಲಾಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಕೋಣೆಗೇ ತಂದೆ. ಅಲ್ಲಿನ ಜನರೂ ತಮ್ಮ ಕಸವನ್ನು ಹಾಗೆಯೇ ಮನೆಗೆ ಒಯ್ಯುತ್ತಾರೆ.

ಇದಕ್ಕೆ ಕಾರಣಗಳಿವೆ. ನಾರಾದ ಜಿಂಕೆಗಳು ಪ್ಲಾಸ್ಟಿಕ್ ತಿನ್ನುತ್ತವೆ. 2019ರಲ್ಲಿ ಸತ್ತ ಹಲವು ಜಿಂಕೆಗಳ ಹೊಟ್ಟೆಯಲ್ಲಿ ಅದು ಸಿಕ್ಕಿತ್ತು. ಟೋಕಿಯೋದಲ್ಲಿ 1995ರ ಸುರಂಗ ರೈಲಿನ ವಿಷಾನಿಲ ದಾಳಿಯ ನಂತರ ಬುಟ್ಟಿಗಳನ್ನು ತೆಗೆದರು. ಬುಟ್ಟಿ ಹೋದರೂ ಜನರ ಅಭ್ಯಾಸ ಉಳಿಯಿತು. ಅಲ್ಲಿ ಶಾಲಾಮಕ್ಕಳೆಲ್ಲರೂ ಸರದಿಯಂತೆ ತಮ್ಮ ತರಗತಿ ಗುಡಿಸಿ ಒರೆಸುತ್ತಾರೆ.

ಆದರೆ ಬೀದಿ ಶುಚಿಯಾದ ಮಾತ್ರಕ್ಕೆ ಮನಸ್ಸು ಶುಚಿಯಾಗುವುದಿಲ್ಲ. ಸತ್ತ ಪ್ರಾಣಿ, ಚರ್ಮದ ಕೆಲಸ ಮಾಡುವವರನ್ನು ಜಪಾನಿನಲ್ಲೂ ತಲೆಮಾರುಗಳಿಂದ ಹೊರಗಿಟ್ಟಿದ್ದರು. 1871ರ ಆಜ್ಞೆ ಆ ಭೇದವನ್ನು ಕಾಗದದ ಮೇಲೆ ಅಳಿಸಿತು, ಅವಮಾನ ನಿಲ್ಲಲಿಲ್ಲ. ಇದೇ ನಾರಾ ಪ್ರಾಂತ್ಯದ ಯುವಕರು ಮುಂದಾಗಿ 1922ರಲ್ಲಿ ಸುಯಿಹೇಶಾ ಎಂಬ ಸಮಾನತೆಯ ಸಂಘಟನೆ ಕಟ್ಟಿದರು.

ನಾನು ಓದಿದ ಶಾಲೆಯಲ್ಲೂ ಮಕ್ಕಳೇ ಗುಡಿಸುತ್ತಿದ್ದರು. ಪೊರಕೆ ಮಾತ್ರ ನಮ್ಮ ಕೇರಿಯ ಮಕ್ಕಳ ಕೈಗೇ ಬರುತ್ತಿತ್ತು. ಕಸ ಎತ್ತಲು ಜಾತಿಯನ್ನೇ ಇಟ್ಟುಕೊಂಡ ದೇಶ ನಮ್ಮದು.

ರಾಜಗೃಹದ ಸುನೀತನೂ ಗೃಹಸ್ಥರು ಬೀದಿಗೆಸೆದ ಕಸ ಗುಡಿಸಿ ಬದುಕುತ್ತಿದ್ದವನು. ಭಗವಾನರು ಬರುವುದನ್ನು ಕಂಡು ಗೋಡೆಗೆ ಅಂಟಿಕೊಂಡು ನಿಂತ. ಭಗವಾನರು ಅವನ ಬಳಿಗೇ ಹೋಗಿ ಸಂಘಕ್ಕೆ ಕರೆದರು. ನಿನ್ನ ಕೆಲಸ ಪವಿತ್ರವೆಂದು ಹೊಗಳಿ ಅಲ್ಲೇ ಬಿಟ್ಟು ಹೋಗಲಿಲ್ಲ.

ಊರಿಗೆ ಮರಳಿ ನನ್ನ ತರಗತಿಯಲ್ಲಿ ಗುಡಿಸುವ ಸರದಿ ಹಾಕಿದೆ. ನಮ್ಮವರೇ ಆದ ತಾಯಿಯೊಬ್ಬರು ಬಂದು, "ಮೇಷ್ಟ್ರೇ, ಪೊರಕೆ ಬಿಡ್ಲಿ ಅಂತ ತಾನೇ ಮಗೀನ ಸ್ಕೂಲಿಗೆ ಕಳ್ಸಿರೋದು?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಜಾತಿ ಹೊರಿಸಿದ ಕಸುಬು ಬಿಡಿ ಎಂದೇ ಬಾಬಾಸಾಹೇಬರು ಕರೆಕೊಟ್ಟಿದ್ದು. ಸರದಿ ಪಟ್ಟಿ ತೋರಿಸಿದೆ. ಮೊದಲ ದಿನ ನನ್ನದೇ ಹೆಸರು, ಆಮೇಲೆ ಹಾಜರಿ ಪುಸ್ತಕದ ಕ್ರಮ. "ಎಲ್ಲಾರೂ ಮಾಡ್ತಾರಾ?" ಎಂದು ಎರಡು ಸಲ ಕೇಳಿಕೊಂಡು ಹೋದರು.

ಬಂಧುಗಳೇ, ನಾವೂ ಕೇಳಬೇಕಾದದ್ದು ಅದನ್ನೇ. ಎಲ್ಲರೂ ಹಿಡಿದರೆ ಪೊರಕೆ ಬರೀ ಪೊರಕೆ. ಒಬ್ಬರೇ ಹಿಡಿದರೆ ಅದು ಜಾತಿ.

ನಮ್ಮ ನಡೆ ಇತರರ ಭಾವನೆಯನ್ನೂ ಹಕ್ಕನ್ನೂ ಗೌರವಿಸಬೇಕೆಂಬುದೇ ಸಮ್ಯಕ್ ಕರ್ಮ.

ಇಂದಿನ ಅಭ್ಯಾಸ: ಏನನ್ನಾದರೂ ಎಸೆಯುವ ಮುನ್ನ, ಇದು ಯಾರ ಕೈಗೆ ಹೋಗುತ್ತದೆ ಎಂದು ಒಂದು ಕ್ಷಣ ಯೋಚಿಸೋಣ. ಹಸಿ ಕಸ, ಒಣ ಕಸ ಬೇರೆ ಮಾಡೋಣ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡೋಣ. ಮನೆಯಲ್ಲಿ ಮಗಳಿಗೆ ಪೊರಕೆ ಕೊಟ್ಟ ದಿನ ಮಗನಿಗೂ ಕೊಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.