ಹಳ್ಳಿಮನೆಯ ಸೋಲಾರ್ ಅರ್ಜಿಗೆ ಕಾನೂನು ಹಾಕಿದ ಗಡುವು

ಮನೆಯ ಮೇಲೆ ಸೋಲಾರ್ ಹಾಕಿಸುವ ಮಾತೆತ್ತಿದರೆ ಹಳ್ಳಿಗಳಲ್ಲಿ ಮೊದಲು ಚರ್ಚೆಗೆ ಬರುವುದು ಸಬ್ಸಿಡಿ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್ ಘಟಕಕ್ಕೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಕ್ಕೆ 78,000 ರೂಪಾಯಿ ಸಹಾಯಧನ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಇದು ಯೋಜನೆ, ಸರ್ಕಾರ ಮನಸ್ಸು ಮಾಡಿದಷ್ಟು ಕಾಲ ಇರುತ್ತದೆ. ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ, ಅದರ ಬಗ್ಗೆ ಮಾತು ಕಡಿಮೆ. 2003ರ ವಿದ್ಯುತ್ ಕಾಯ್ದೆಯಡಿ ಕೇಂದ್ರ ಸರ್ಕಾರ 2020ರಲ್ಲಿ ರೂಪಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಗ್ರಾಹಕ ತನ್ನ ಸೂರಿನ ಮೇಲೆ ವಿದ್ಯುತ್ ಉತ್ಪಾದಿಸುವುದನ್ನು ಹಕ್ಕು ಎಂದೇ ಗುರುತಿಸಿವೆ. ಸಬ್ಸಿಡಿ ಸಿಗಲಿ ಬಿಡಲಿ, ಆ ಹಕ್ಕು ಇದ್ದೇ ಇರುತ್ತದೆ. ಆದರೆ ಕಾಗದಪತ್ರ ಸರಿಯಿಲ್ಲದವರಿಗೆ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯದವರಿಗೆ ಅದು ಕೈಗೆ ಸಿಗುವುದು ಕಷ್ಟ ಎಂಬುದು ಈ ಲೇಖನದ ವಾದ.

2024ರ ಫೆಬ್ರುವರಿ ತಿದ್ದುಪಡಿ ಈ ನಿಯಮಗಳಿಗೆ ಹಲ್ಲು ಕೊಟ್ಟಿತು. ಅದರ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಕಿಲ್ಲ. ಎಲ್ಲ ವಿವರಗಳಿರುವ ಅರ್ಜಿ ಒಪ್ಪಿಗೆಯಾದಂತೆಯೇ ಲೆಕ್ಕ. ಮಂಜೂರಾದ ಲೋಡ್ ಕಡಿಮೆಯಿದ್ದರೆ ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ತಾನೇ ಏರಿಸಿಕೊಳ್ಳಬೇಕು. ಲೋಡ್ ಏರಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನು ‘ನಿಮ್ಮೂರಿನ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ತಾಕತ್ತಿಲ್ಲ’ ಎಂಬ ಉತ್ತರ. 5 ಕಿಲೋವಾಟ್‌ವರೆಗಿನ ಘಟಕಕ್ಕಾಗಿ ಟಿಸಿಯನ್ನೋ ಲೈನನ್ನೋ ಬಲಪಡಿಸಬೇಕಾಗಿ ಬಂದರೆ ಆ ಖರ್ಚು ಎಸ್ಕಾಂನದೇ ಎಂದು ನಿಯಮ ಹೇಳುತ್ತದೆ. ಸಾಮಾನ್ಯ ಹಳ್ಳಿಮನೆಗೆ 2 ಅಥವಾ 3 ಕಿಲೋವಾಟ್ ಸಾಕಾಗುವುದರಿಂದ, ಈ ಕಾರಣ ಕೊಟ್ಟು ಅರ್ಜಿದಾರರನ್ನು ವಾಪಸ್ ಕಳಿಸಲು ದಾರಿಯಿಲ್ಲ.

ಗಡುವು ಯಾವಾಗ ಶುರುವಾಗುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಪ್ಯಾನೆಲ್ ಕೂರಿಸಿದ ಮಾತ್ರಕ್ಕೆ ದಿನಗಳ ಲೆಕ್ಕ ಶುರುವಾಗದು. ಕೆಲಸ ಮುಗಿದಿದೆ ಎಂಬ ಅಳವಡಿಕೆ ಪ್ರಮಾಣಪತ್ರವನ್ನು ಎಸ್ಕಾಂಗೆ ಸಲ್ಲಿಸಿದ ದಿನದಿಂದ 15 ದಿನದೊಳಗೆ ಒಪ್ಪಂದಕ್ಕೆ ಸಹಿ, ನೆಟ್ ಮೀಟರ್ ಅಳವಡಿಕೆ, ಪರೀಕ್ಷೆ, ಚಾಲನೆ ಎಲ್ಲವೂ ಮುಗಿಯಬೇಕು. ಸಕಾರಣವಿಲ್ಲದೆ ತಡ ಮಾಡಿದರೆ ವಿದ್ಯುತ್ ನಿಯಂತ್ರಣ ಆಯೋಗ ನಿಗದಿಪಡಿಸಿದ ದರದಲ್ಲಿ ಪರಿಹಾರ ಕೊಡಬೇಕಾಗುತ್ತದೆ. ಪ್ರಮಾಣಪತ್ರವನ್ನು ಗುತ್ತಿಗೆದಾರ ‘ನಾನೇ ಕೊಡ್ತೀನಿ ಬಿಡಿ’ ಎಂದು ಜೇಬಿಗೆ ಹಾಕಿಕೊಂಡು ಹೋದರೆ ಆ 15 ದಿನ ಎಂದು ಶುರುವಾಯಿತೆಂದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆಯನ್ನು ನೀವೇ ನೋಡುತ್ತಿರಿ. ಸೆಕ್ಷನ್ ಆಫೀಸಿಗೆ ಏನೇ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ.

ಕಾಗದದ ತೊಡಕು ಬಹುತೇಕ ಶುರುವಾಗುವುದು ಬಿಲ್ಲಿನ ಮೇಲಿನ ಹೆಸರಿನಿಂದ. ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿದಾರರಾಗಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮೀಟರುಗಳು ತೀರಿಹೋದ ಅಪ್ಪನ, ಅಜ್ಜನ ಹೆಸರಿನಲ್ಲೇ ಓಡುತ್ತಿವೆ. ಬಿಲ್ ಕಟ್ಟುವವರೆಗೆ ಇದು ಯಾರಿಗೂ ತೊಂದರೆಯಲ್ಲ. ಸಬ್ಸಿಡಿ, ಸಾಲ ಎಂದಾಗ ಅಡ್ಡ ಬರುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಂಚಾಯಿತಿಯ ಖಾತೆ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿ ಹೆಸರು ಬದಲಾವಣೆಯನ್ನು ಮೊದಲು ಮುಗಿಸಿಕೊಳ್ಳುವುದು ಜಾಣತನ. ಗುತ್ತಿಗೆದಾರರ ವಿಚಾರದಲ್ಲೂ ಎಚ್ಚರ ಬೇಕು. ಯೋಜನೆಯಡಿ ನೋಂದಾಯಿತರಾದವರು 5 ವರ್ಷ ನಿರ್ವಹಣೆ ಮಾಡಿಕೊಡಬೇಕು, ಅದು ಬರವಣಿಗೆಯಲ್ಲಿರಲಿ. ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

‘ಗೃಹಜ್ಯೋತಿಯ ಉಚಿತ ವಿದ್ಯುತ್ ಇರುವಾಗ ಸೋಲಾರ್ ಯಾಕೆ?’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತಿಂಗಳಿಗೆ ಐವತ್ತು ಅರವತ್ತು ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುವ ಮನೆಗೆ ಸಾಲ ಮಾಡಿ ಸೋಲಾರ್ ಹಾಕಿಸಿ ಎಂದು ಹೇಳುವುದು ತಪ್ಪು ಸಲಹೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಫ್ರಿಜ್, ಗ್ರೈಂಡರ್, ನೀರಿನ ಮೋಟಾರ್ ಇರುವ ಕೂಡುಕುಟುಂಬಗಳು ಈ ಗೆರೆಯ ಆಚೀಚೆಯೇ ಇರುತ್ತವೆ. 1 ಕಿಲೋವಾಟ್ ಘಟಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಅದಕ್ಕೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಸಾಕು. ಅಂಥ ಮನೆಗಳಿಗೆ ಲೆಕ್ಕ ಗಿಟ್ಟುತ್ತದೆ. ಕರೆಂಟ್ ಹೋದಾಗ ಸೋಲಾರೂ ನಿಲ್ಲುತ್ತದೆ ಎಂಬ ದೂರೂ ನಿಜ. ಬ್ಯಾಟರಿಯಿಲ್ಲದ ನೆಟ್ ಮೀಟರ್ ವ್ಯವಸ್ಥೆ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲೆಂದೇ ಆ ಹೊತ್ತಿನಲ್ಲಿ ಆಫ್ ಆಗುತ್ತದೆ. ಕರೆಂಟ್ ಕೈಕೊಡುವ ಊರಿನವರು ಬ್ಯಾಟರಿಯ ಬೆಲೆಯನ್ನೂ ಸೇರಿಸಿ ಯೋಚಿಸಬೇಕು.

ಇವೆರಡಕ್ಕಿಂತ ಆಳವಾದ ಅಳುಕು ಇನ್ನೊಂದು: ಆಫೀಸಿನವರ ಜೊತೆ ಜಗಳ ಕಟ್ಟಿಕೊಂಡರೆ ನಾಳೆ ಟಿಸಿ ಸುಟ್ಟಾಗ ಬರುವವರು ಯಾರು? ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸೋಲಾರ್ ಹಾಕಿಸಿದವರೂ ಮೊದಲಿನಂತೆಯೇ ಗ್ರಾಹಕರು, ಅವರ ಹಕ್ಕಿನಲ್ಲಿ ಒಂದೂ ಕಡಿಮೆಯಾಗದು ಎಂದು ನಿಯಮವೇ ಸ್ಪಷ್ಟಪಡಿಸಿದೆ. ಗ್ರಾಮೀಣ ಭಾಗದಲ್ಲಿ ಕೆಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡವಿದೆ. ದೂರು ಕೊಡುವುದೂ ಜಗಳವಲ್ಲ, ವಿದ್ಯುತ್ ಕಾಯ್ದೆಯ 42ನೇ ಕಲಮು ಹಾಕಿಕೊಟ್ಟ ದಾರಿ. ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫಲ ಸಿಗದಿದ್ದರೆ ಎಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬಿಳಿ ಹಾಳೆಯಲ್ಲಿ ಬರೆದರೂ ಸಾಕು. ಕುಂದುಕೊರತೆ ಬಗೆಹರಿಸಲು 2020ರ ನಿಯಮಗಳು ಇಟ್ಟಿರುವ ಗರಿಷ್ಠ ಅವಧಿ 45 ದಿನ. ಅಲ್ಲಿಯೂ ನ್ಯಾಯ ಸಿಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಅರ್ಜಿ ಯಾರ ಮೇಜಿನಲ್ಲಿ ನಿಂತಿದೆ ಎಂದು ತಿಳಿಯಲು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು.

ಲೈನ್ ತಲುಪದ ಕಾಡಂಚಿನ ಹಾಡಿಗಳಿಗೆ, ಮಲೆನಾಡಿನ ಒಂಟಿಮನೆಗಳಿಗೆ ಬೇರೆ ಬಾಗಿಲೂ ಇದೆ. ವಿದ್ಯುತ್ ಉತ್ಪಾದನೆಗೆ ವಿದ್ಯುತ್ ಕಾಯ್ದೆಯ 7ನೇ ಕಲಮಿನಂತೆ ಲೈಸೆನ್ಸ್ ಬೇಡ. ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ಹಳ್ಳದ ನೀರಿನಿಂದಲೋ ಬಿಸಿಲಿನಿಂದಲೋ ಕರೆಂಟ್ ತೆಗೆದು ನೆರೆಮನೆಗಳಿಗೆ ಹಂಚಲೂ 14ನೇ ಕಲಮು ಲೈಸೆನ್ಸ್ ಕೇಳುವುದಿಲ್ಲ. ಸುರಕ್ಷತಾ ನಿಯಮಗಳನ್ನು ಮಾತ್ರ ಪಾಲಿಸಬೇಕು. ಗ್ರಾಮಸಭೆಗಳಲ್ಲಿ ಬೀದಿದೀಪದ ಜೊತೆಗೆ ಈ ವಿಷಯವೂ ಚರ್ಚೆಗೆ ಬರಲಿ. ಈ ವಾರ ಮನೆಯ ಕರೆಂಟ್ ಬಿಲ್ ಕೈಗೆತ್ತಿಕೊಂಡು ಅದು ಯಾರ ಹೆಸರಿನಲ್ಲಿದೆ ಎಂದು ನೋಡಿ. ತೀರಿಹೋದವರ ಹೆಸರಿದ್ದರೆ ಹೆಸರು ಬದಲಾವಣೆಯ ಅರ್ಜಿಯನ್ನು ಮೊದಲು ಕೊಡಿ.